ಕಾರಿನ ಹೊಟ್ಟೆಯೊಳಗಿನ ಜೇನುಗೂಡು: ಅನಿಲ, ರಂಧ್ರ ಮತ್ತು ಕಂಪ್ಯೂಟರ್ ಲೆಕ್ಕ

ನೀವು ಇವತ್ತು ಬೆಳಿಗ್ಗೆ ಹತ್ತಿದ ಕಾರಿನ ಎಂಜಿನ್‌ಗೂ ಸೈಲೆನ್ಸರ್‌ಗೂ ನಡುವೆ ಒಂದು ಉಕ್ಕಿನ ಡಬ್ಬಿ ಇದೆ. ಹೆಚ್ಚು ಕಡಿಮೆ ಒಂದು ಲೀಟರಿನ ನೀರಿನ ಬಾಟಲಿಯಷ್ಟು ಗಾತ್ರ. ಅದರಲ್ಲಿ ತಿರುಗುವ ಚಕ್ರ ಇಲ್ಲ, ಏರಿ ಇಳಿಯುವ ಪಿಸ್ಟನ್ ಇಲ್ಲ. ಎಂಜಿನ್ನಿನಿಂದ ಬಂದ ಬಿಸಿ ಹೊಗೆ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಒಳಗೆ ಅದು ಇರುವುದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆ ಡಬ್ಬಿ ದಾಟಿ ರಸ್ತೆ ಸೇರಿರುತ್ತದೆ. ಅಷ್ಟೇ ಹೊತ್ತಿನಲ್ಲಿ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್, ಸರಿಯಾಗಿ ಉರಿಯದೆ ಉಳಿದ ಪೆಟ್ರೋಲಿನ ಅಂಶ, ನೈಟ್ರಿಕ್ ಆಕ್ಸೈಡ್ ಈ ಮೂರೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಮಾಯವಾಗಿರುತ್ತವೆ. ಆದರೆ ಒಂದು ಷರತ್ತು: ಡಬ್ಬಿ ಬಿಸಿಯಾಗಿರಬೇಕು.

ಇದೇ ಕ್ಯಾಟಲಿಟಿಕ್ ಕನ್ವರ್ಟರ್. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್ ಈ ನಾಲ್ಕು ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಈಗ ಹೊಸ ಬೈಕು, ಸ್ಕೂಟರ್, ರಿಕ್ಷಾಗಳಲ್ಲೂ ಇದರ ಚಿಕ್ಕ ತಮ್ಮಂದಿರು ಇದ್ದಾರೆ.

ನಾನಿಲ್ಲಿ ಹೇಳಬೇಕೆಂದಿರುವುದು ಡಬ್ಬಿಯ ಬಗ್ಗೆ ಮಾತ್ರ ಅಲ್ಲ. ಕಣ್ಣಿಟ್ಟು ನೋಡಲಾಗದ ಅದರ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಎಂಜಿನಿಯರ್‌ಗಳು ಕಂಪ್ಯೂಟರಿನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ, ಆ ಲೆಕ್ಕವನ್ನು ಎಷ್ಟು ನಂಬಬಹುದು, ಇವೆರಡು ಪ್ರಶ್ನೆ. ಹರಿಯುವ ಅನಿಲ, ರಂಧ್ರಗಳಿಂದ ತುಂಬಿದ ಘನವಸ್ತು, ಎರಡರ ನಡುವೆ ರಾಸಾಯನಿಕ ಕ್ರಿಯೆ: ಈ ಮೂರರ ಜೋಡಿ ಇದ್ದಿಲಿನ ಒಲೆಯಲ್ಲೂ ಇದೆ, ಉಕ್ಕಿನ ಕುಲುಮೆಯಲ್ಲೂ ಇದೆ, ವಿಷಾನಿಲದ ಮುಖವಾಡದಲ್ಲೂ ಇದೆ. ಕನ್ವರ್ಟರ್ ಆರಿಸಿಕೊಂಡಿದ್ದು ಯಾಕೆಂದರೆ ಅದರ ಲೆಕ್ಕ ತಪ್ಪಿದರೆ ಅದನ್ನು ಉಸಿರಾಡುವವರು ನಾವೇ.

ಮೊದಲು ಎರಡು ಪದ. ಕನ್ನಡದ ವಿಜ್ಞಾನ ಪುಸ್ತಕಗಳು 'ಸರಂಧ್ರ' ಅನ್ನುತ್ತವೆ. ಈ ಪದ ಕೇಳಿದರೆ ಮಕ್ಕಳಿಗೆ ಗೋಡೆಗೆ ಮೊಳೆ ಹೊಡೆದ ತೂತು ನೆನಪಾಗುತ್ತದೆ. ಉರ್ದುವಿನಲ್ಲಿ 'ಮಸಾಮ್‌ದಾರ್' ಅಂತಾರೆ. ಮಸಾಮ್ ಅಂದ್ರೆ ಬೆವರು ಬರುವ ಚರ್ಮದ ಸೂಕ್ಷ್ಮ ರಂಧ್ರ. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ, ಯಾಕಂದ್ರೆ ಇಲ್ಲಿ ಮಾತು ಕಾಣದ ರಂಧ್ರಗಳದ್ದು. ನೀರಿನ ಮಡಕೆ ತಂಪಾಗುವುದು ಅಂಥ ರಂಧ್ರಗಳಿಂದಲೇ. ಎರಡನೆಯ ಪದ 'ವೇಗವರ್ಧಕ', ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಇಲ್ಲಿ ಕನ್ನಡವೇ ಚೆನ್ನ. ಉರ್ದುವಿನ 'ಅಮಲ್ ಅಂಗೇಜ್' ಅಂದರೆ ಕ್ರಿಯೆಯನ್ನು ಎಬ್ಬಿಸುವುದು; ಆದರೆ ಕನ್ನಡದ ಕಿವಿಗೆ ಅಮಲು ಏರಿಸುವ ವಸ್ತುವಿನಂತೆ ಕೇಳಿ ತರಗತಿಯೇ ನಕ್ಕುಬಿಡುತ್ತದೆ.

ಈಗ ಡಬ್ಬಿ ಬಿಚ್ಚೋಣ. ಒಳಗೆ ಕಾರ್ಡಿಯರೈಟ್ ಎಂಬ ಪಿಂಗಾಣಿಯಂಥ ವಸ್ತುವಿನ ಗಟ್ಟಿ, ಅದರ ಉದ್ದಕ್ಕೂ ಚೌಕಾಕಾರದ ಕೊಳವೆಗಳು. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400. ಗಟ್ಟಿಯ ಅಡ್ಡಳತೆ 10 ಸೆಂ.ಮೀ. ಇದ್ದರೆ ಸುಮಾರು ಐದು ಸಾವಿರ ಕೊಳವೆ ಆಯಿತು. ಒಂದೊಂದರ ಅಗಲ ಒಂದು ಮಿಲಿಮೀಟರಿನಷ್ಟು, ನಡುವಿನ ಗೋಡೆ ಅದರ ಆರನೇ ಒಂದು ಭಾಗದಷ್ಟು ತೆಳು. ಗೋಡೆಯ ಮೇಲೆ ಅಲ್ಯೂಮಿನಾದ ಒಂದು ಲೇಪ, ದಪ್ಪ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ. ಮನೆಗೆ ಸುಣ್ಣ ಬಳಿದ ಹಾಗೆ ಕಂಡರೂ ಈ ಲೇಪದ ಒಳಗೆಲ್ಲ ರಂಧ್ರ. ಒಂದು ಗ್ರಾಂ ಲೇಪದ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರು ಚದರ ಮೀಟರಿಗೂ ಹೆಚ್ಚು. ಮುಂಬೈಯಲ್ಲಿ ಅಷ್ಟು ಕಾರ್ಪೆಟ್ ಏರಿಯಾ ಇರುವ ಫ್ಲ್ಯಾಟ್ ಕೊಳ್ಳಲು ಎಷ್ಟು ಬೇಕು ಅಂತ ನಿಮಗೇ ಗೊತ್ತು! ಆ ಒಳಮೈಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಕಣಗಳು ಚದುರಿವೆ. ಇಡೀ ಡಬ್ಬಿಯಲ್ಲಿ ಅವು ಕೆಲವೇ ಗ್ರಾಂ. ಬೆಲೆಯೆಲ್ಲ ಅಲ್ಲೇ ಇದೆ. ಕಳ್ಳರು ರಾತ್ರಿ ಕಾರಿನ ಕೆಳಗೆ ನುಗ್ಗಿ ಈ ಡಬ್ಬಿಯನ್ನೇ ಕೊಯ್ದುಕೊಂಡು ಹೋಗುವುದು ಇದಕ್ಕೇ.

ಒಂದು ಕಾರ್ಬನ್ ಮೊನಾಕ್ಸೈಡ್ ಅಣುವಿನ ದಾರಿ ಹೀಗಿದೆ. ಕೊಳವೆಯ ನಡುವಿನಿಂದ ಅಡ್ಡಕ್ಕೆ ಅಲೆಯುತ್ತಾ ಗೋಡೆ ಮುಟ್ಟಬೇಕು. ಲೇಪದ ರಂಧ್ರದೊಳಗೆ ಇಳಿಯಬೇಕು. ಪ್ಲಾಟಿನಂ ಕಣ ಸಿಕ್ಕರೆ ಅಂಟಿಕೊಳ್ಳಬೇಕು. ಪಕ್ಕದಲ್ಲಿ ಆಕ್ಸಿಜನ್ ಇದ್ದರೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಗಬೇಕು. ಆಮೇಲೆ ಬಂದ ದಾರಿಯಲ್ಲೇ ಹೊರಬರಬೇಕು. ಇದರಲ್ಲಿ ಯಾವ ಹೆಜ್ಜೆ ಎಲ್ಲಕ್ಕಿಂತ ನಿಧಾನವೋ ಒಟ್ಟು ವೇಗವನ್ನು ನಿರ್ಧರಿಸುವುದು ಅದೇ. ಸಿಮ್ಯುಲೇಶನ್ ಎಂಬ ಇಷ್ಟು ದೊಡ್ಡ ವಿದ್ಯೆಯ ತಿರುಳು ನನ್ನ ಪ್ರಕಾರ ಇಷ್ಟೇ: ಯಾವುದು ನಿಧಾನ, ತಲುಪುವುದೋ, ತಲುಪಿದ ಮೇಲೆ ಕೂಡುವುದೋ?

ಇದನ್ನು ನೀವು ರಂಜಾನ್ ತಿಂಗಳಲ್ಲಿ ಮುಂಬೈಯ ಮೊಹಮ್ಮದ್ ಅಲಿ ರೋಡಿನಲ್ಲಿ ಕಬಾಬ್ ಸುಡುವವನ ಸಿಗಡಿಯ ಮುಂದೆ ನಿಂತು ನೋಡಬಹುದು. ಇದ್ದಿಲು ಕೆಂಪಗೆ ಕಾದಿರುವಾಗ ಅವನು ಬೀಸಣಿಗೆ ಬೀಸಿದರೆ ಕೆಂಡ ಇನ್ನಷ್ಟು ಧಗಧಗಿಸುತ್ತದೆ. ಅಂದ್ರೆ ಆ ಹೊತ್ತಿನಲ್ಲಿ ಕ್ರಿಯೆ ತಯಾರಾಗಿ ಕಾದು ಕೂತಿದೆ, ಕೊರತೆ ಇರುವುದು ಆಕ್ಸಿಜನ್ ಬಂದು ತಲುಪುವುದರಲ್ಲಿ. ಅದೇ ಸಂಜೆ ಅಂಗಡಿ ಹಚ್ಚುವಾಗ ತಣ್ಣಗಿನ ಇದ್ದಿಲಿಗೆ ಎಷ್ಟು ಬೀಸಿದರೂ ಉಪಯೋಗವಿಲ್ಲ. ಗಾಳಿ ಧಾರಾಳ ಇದೆ, ಆದರೆ ಕ್ರಿಯೆಗೆ ಬೇಕಾದ ಬಿಸಿ ಇಲ್ಲ. ಆಗತಾನೇ ಹೊತ್ತಿಕೊಳ್ಳುತ್ತಿರುವ ಕೆಂಡಕ್ಕೆ ಜೋರಾಗಿ ಬೀಸಿದರೆ ಆರಿಯೇ ಹೋಗುತ್ತದೆ, ಹುಟ್ಟುವ ಬಿಸಿಗಿಂತ ಗಾಳಿ ಹೊತ್ತೊಯ್ಯುವ ಬಿಸಿ ಜಾಸ್ತಿ ಅಂತ. ಇನ್ನೊಂದು ಗಮನಿಸಿ: ಚೆನ್ನಾಗಿ ಕಾದ ಇದ್ದಿಲು ಹೊರಗಿನಿಂದ ಸವೆಯುತ್ತಾ ಚಿಕ್ಕದಾಗುತ್ತದೆ. ಇದ್ದಿಲಿನ ತುಂಬ ರಂಧ್ರಗಳಿದ್ದರೂ ಆಕ್ಸಿಜನ್ ಒಳಗೆ ಹೋಗುವ ಮೊದಲೇ ಹೊರಮೈಯಲ್ಲೇ ಖರ್ಚಾಗಿಬಿಡುತ್ತದೆ.

ಕನ್ವರ್ಟರಿನಲ್ಲೂ ಇದೇ ಕಥೆ. ಈಗ ಅದಕ್ಕೆ ಅಂಕಿ ಹಾಕೋಣ. ಬಿಸಿ ಹೆಚ್ಚಿದಂತೆ ಕ್ರಿಯೆಯ ವೇಗ ಹೇಗೆ ಏರುತ್ತದೆ ಎಂಬ ಸೂತ್ರ ಕೊಟ್ಟವರು ಸ್ವೀಡನ್ನಿನ ಅರ್ಹೇನಿಯಸ್, 1889ರಲ್ಲಿ. ಕ್ರಿಯೆ ದಾಟಬೇಕಾದ ಶಕ್ತಿಯ ದಿಣ್ಣೆಯನ್ನು ಮೋಲ್‌ಗೆ 100 ಕಿಲೋಜೂಲ್ ಅಂತ ಇಟ್ಟುಕೊಂಡರೆ, 200 ಡಿಗ್ರಿಯಿಂದ 250 ಡಿಗ್ರಿಗೆ ಹೋಗುವಷ್ಟರಲ್ಲಿ ಕ್ರಿಯೆಯ ವೇಗ ಸುಮಾರು 11 ಪಟ್ಟು ಆಗುತ್ತದೆ. ಅದೇ 50 ಡಿಗ್ರಿಗೆ ಅನಿಲ ಅಲೆಯುವ ವೇಗ, ಅಂದ್ರೆ ವಿಸರಣೆ, ಹೆಚ್ಚುವುದು ನೂರಕ್ಕೆ 20ರಷ್ಟು ಮಾತ್ರ. ಒಂದು ಮೊಲದಂತೆ ಜಿಗಿಯುತ್ತದೆ, ಇನ್ನೊಂದು ಎತ್ತಿನ ಗಾಡಿ. ತಣ್ಣಗಿರುವಾಗ ಕ್ರಿಯೆ ಹಿಂದೆ, ಬಿಸಿಯಾದ ಮೇಲೆ ವಿಸರಣೆ ಹಿಂದೆ. ನಡುವೆ ಎಲ್ಲೋ ಪಾತ್ರ ಅದಲು ಬದಲಾಗುತ್ತದೆ. ಆ ಜಾಗವನ್ನು ಸರಿಯಾಗಿ ಹಿಡಿಯುವುದೇ ಕಷ್ಟ.

ಕಷ್ಟಕ್ಕೆ ಇನ್ನೊಂದು ಕಾರಣ ಕಾರ್ಬನ್ ಮೊನಾಕ್ಸೈಡಿನ ಸ್ವಭಾವ. ಪ್ಲಾಟಿನಂ ಮೈಯನ್ನು ಬೆಳಗಿನ ಲೋಕಲ್ ರೈಲಿನ ಡಬ್ಬಿ ಅಂದುಕೊಳ್ಳಿ. ಕಾರ್ಬನ್ ಮೊನಾಕ್ಸೈಡಿಗೆ ಒಂದು ಸೀಟು ಸಾಕು. ಆಕ್ಸಿಜನ್ ಅಣು ಎರಡಾಗಿ ಒಡೆದು ಕೂರಬೇಕಾದ್ದರಿಂದ ಅದಕ್ಕೆ ಅಕ್ಕಪಕ್ಕ ಎರಡು ಸೀಟು ಖಾಲಿ ಇರಬೇಕು. ತಣ್ಣಗಿರುವಾಗ ಕಾರ್ಬನ್ ಮೊನಾಕ್ಸೈಡ್ ಎಲ್ಲ ಸೀಟು ಹಿಡಿದು ಏಳುವುದೇ ಇಲ್ಲ. ಸುಡಬೇಕಾದ ವಸ್ತು ಹೆಚ್ಚಾದಷ್ಟೂ ಸುಡುವುದು ನಿಧಾನವಾಗುತ್ತದೆ! ಬಿಸಿ ಏರಿದಂತೆ ಒಬ್ಬೊಬ್ಬರೇ ಏಳುತ್ತಾರೆ, ಆಕ್ಸಿಜನ್ನಿಗೆ ಜಾಗ ಸಿಗುತ್ತದೆ, ಕ್ರಿಯೆ ನಡೆಯುತ್ತದೆ. ಕ್ರಿಯೆಯಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಸೀಟು ಖಾಲಿ. ಹೊಗೆಯಲ್ಲಿ ನೂರಕ್ಕೆ ಒಂದು ಪಾಲು ಕಾರ್ಬನ್ ಮೊನಾಕ್ಸೈಡ್ ಸುಟ್ಟರೆ ಹೊಗೆಯ ಬಿಸಿ ಸುಮಾರು 90 ಡಿಗ್ರಿ ಏರಬಲ್ಲದು. ಹಾಗಾಗಿ ಒಮ್ಮೆ ಶುರುವಾದರೆ ಕೆಲವೇ ಸೆಕೆಂಡುಗಳಲ್ಲಿ ಇಡೀ ಡಬ್ಬಿ 'ಹೊತ್ತಿಕೊಳ್ಳುತ್ತದೆ'. ಹೊಸ ಕನ್ವರ್ಟರಿನಲ್ಲಿ ಇದು 250-300 ಡಿಗ್ರಿಯ ಆಸುಪಾಸಿನಲ್ಲಿ. ಈ ಸೀಟು ಹಿಡಿಯುವ ಲೆಕ್ಕದ ಮೂಲ ಕಲ್ಪನೆ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರದ್ದು, 1920ರ ದಶಕದ್ದು. ಪ್ಲಾಟಿನಂ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಅಂತ ಹಂತ ಹಂತವಾಗಿ ತೋರಿಸಿದ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಬಂತು.

ಹೊತ್ತಿಕೊಳ್ಳುವವರೆಗಿನ ಆ ಹೊತ್ತು ಇದೆಯಲ್ಲ, ಎಲ್ಲ ಇರುವುದು ಅಲ್ಲಿ. ಇವತ್ತಿನ ಪೆಟ್ರೋಲ್ ಕಾರನ್ನು ತಣ್ಣಗಿರುವಾಗ ಚಾಲೂ ಮಾಡಿ ಪ್ರಯೋಗಾಲಯದಲ್ಲಿ ಓಡಿಸಿ ಅಳೆದರೆ, ಇಡೀ ಪರೀಕ್ಷೆಯಲ್ಲಿ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದ ಪೆಟ್ರೋಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೊದಲ ಒಂದೆರಡು ನಿಮಿಷದ್ದೇ ಆಗಿರುವುದು ಸಾಮಾನ್ಯ. ಉಳಿದ ಹೊತ್ತೆಲ್ಲ ಕಾರು ಹೆಚ್ಚು ಕಡಿಮೆ ಸಾಧು. ಈಗ ಬೆಳಿಗ್ಗೆ ಏಳೂವರೆಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ರಾತ್ರಿಯಿಡೀ ತಣ್ಣಗೆ ನಿಂತಿದ್ದ ಕಾರನ್ನು ತಂದೆ ಚಾಲೂ ಮಾಡಿ ಒಂದು ಕಿಲೋಮೀಟರ್ ದೂರದ ಶಾಲೆಗೆ ಮಗುವನ್ನು ಬಿಡಲು ಬರುತ್ತಾನೆ. ಕನ್ವರ್ಟರ್ ಹೊತ್ತಿಕೊಳ್ಳುವ ಹೊತ್ತಿಗೆ ಪಯಣವೇ ಮುಗಿದಿರುತ್ತದೆ. ಹೊಗೆ ಕೊಳವೆಯ ಬಾಯಿ ನೆಲದಿಂದ ಒಂದಡಿ ಮೇಲೆ. ಒಂದನೇ ಕ್ಲಾಸಿನ ಮಗುವಿನ ಮೂಗಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಪುಣೆ, ದೆಹಲಿಯ ಚಳಿಗಾಲದ ಬೆಳಗಿನಲ್ಲಿ ಹೊತ್ತಿಕೊಳ್ಳುವುದು ಇನ್ನೂ ತಡ, ಗಾಳಿಯೂ ಅಲುಗದೆ ನಿಂತಿರುತ್ತದೆ. ಟೀಚರ್ ಆಗಿ ನನಗೆ ಈ ಲೆಕ್ಕದಲ್ಲಿ ಆಸಕ್ತಿ ಹುಟ್ಟಿದ್ದು ಇಲ್ಲಿಂದಲೇ.

ಆ ಒಂದು ನಿಮಿಷವನ್ನು ಅರ್ಧ ನಿಮಿಷಕ್ಕೆ ಇಳಿಸುವುದು ಹೇಗೆ? ಡಬ್ಬಿಯನ್ನು ಎಂಜಿನ್ನಿನ ಹತ್ತಿರ ತರಬೇಕೆ? ಗೋಡೆ ತೆಳು ಮಾಡಬೇಕೆ? ಪ್ಲಾಟಿನಂ ಎಲ್ಲವನ್ನೂ ಮುಂಭಾಗದಲ್ಲೇ ಹಾಕಬೇಕೆ? ಪ್ರತಿಯೊಂದಕ್ಕೂ ಹೊಸ ಡಬ್ಬಿ ಮಾಡಿ ಪರೀಕ್ಷಿಸುತ್ತಾ ಕೂತರೆ ಹಣವೂ ಸಾಲದು, ವರ್ಷಗಳೂ ಸಾಲವು. ಅದಕ್ಕೇ ಕಂಪ್ಯೂಟರ್.

ಕಂಪ್ಯೂಟರ್ ಮಾಡುವುದು ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಕೆಲಸ. ಜಾಗವನ್ನು ಚಿಕ್ಕ ಚಿಕ್ಕ ಮನೆಗಳಾಗಿ ಹಂಚಿ, ಪ್ರತಿ ಮನೆಗೂ ಬರೆಯುತ್ತದೆ: ಬಂದದ್ದು ಎಷ್ಟು, ಹೋದದ್ದು ಎಷ್ಟು, ಒಳಗೆ ಹುಟ್ಟಿದ್ದು ಅಥವಾ ಸತ್ತದ್ದು ಎಷ್ಟು, ಉಳಿದದ್ದು ಎಷ್ಟು. ಒಂದೊಂದು ಅನಿಲಕ್ಕೂ ಒಂದು ಖಾತೆ, ಬಿಸಿಗೆ ಒಂದು, ಹರಿವಿನ ಒತ್ತಡಕ್ಕೆ ಒಂದು. ನೀವೇ ಎಕ್ಸೆಲ್‌ನಲ್ಲಿ ಮಾಡಿ ನೋಡಬಹುದು. ಒಂದು ಕೊಳವೆಯನ್ನು ಉದ್ದಕ್ಕೆ ಹತ್ತು ಮನೆ ಮಾಡಿ. ಒಂದು ನಿರ್ದಿಷ್ಟ ಬಿಸಿಯಲ್ಲಿ ಪ್ರತಿ ಮನೆ ತನಗೆ ಬಂದ ಕಾರ್ಬನ್ ಮೊನಾಕ್ಸೈಡಿನಲ್ಲಿ ನೂರಕ್ಕೆ 37 ಪಾಲು ಸುಡುತ್ತದೆ, 63 ಮುಂದಕ್ಕೆ ಬಿಡುತ್ತದೆ ಅನ್ನಿ. 0.63 ಅನ್ನು ಹತ್ತು ಸಲ ಗುಣಿಸಿದರೆ 0.01. ಅಂದ್ರೆ ನೂರಕ್ಕೆ 99 ಸುಟ್ಟಿತು. ಈಗ 50 ಡಿಗ್ರಿ ಇಳಿಸಿ. ವೇಗ 11 ಪಟ್ಟು ಕಡಿಮೆ, ಪ್ರತಿ ಮನೆ ಸುಡುವುದು ನೂರಕ್ಕೆ ನಾಲ್ಕೇ. 0.96 ಅನ್ನು ಹತ್ತು ಸಲ ಗುಣಿಸಿ: 0.66. ಮೂರರಲ್ಲಿ ಎರಡು ಪಾಲು ವಿಷ ಹಾಗೇ ಹೊರಬಿತ್ತು. 50 ಡಿಗ್ರಿಯ ವ್ಯತ್ಯಾಸಕ್ಕೆ ಇಷ್ಟು.

ಇಷ್ಟು ಸುಲಭವಾದರೆ ದೊಡ್ಡ ಕಂಪ್ಯೂಟರ್ ಯಾಕೆ ಅಂತ ನೀವು ಕೇಳಬಹುದು. ತೊಂದರೆ ಶುರುವಾಗುವುದು ಲೇಪದ ರಂಧ್ರದಲ್ಲಿ. ಅವುಗಳಲ್ಲಿ ಬಹಳಷ್ಟರ ಅಗಲ ಹತ್ತು ನ್ಯಾನೋಮೀಟರ್ ಆಸುಪಾಸು, ಅಂದ್ರೆ ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗ. ಇಡೀ ಕನ್ವರ್ಟರಿನಲ್ಲಿ 100 ಘನ ಸೆಂಟಿಮೀಟರ್ ಲೇಪ ಇದೆ ಅಂದುಕೊಂಡು ಅದನ್ನು ಹತ್ತು ನ್ಯಾನೋಮೀಟರಿನ ಮನೆಗಳಾಗಿ ಹಂಚಿದರೆ 1ರ ಮುಂದೆ 20 ಸೊನ್ನೆಯಷ್ಟು ಮನೆಗಳಾದವು. ಸೆಕೆಂಡಿಗೆ ನೂರು ಕೋಟಿ ಮನೆಯ ಖಾತೆ ಬರೆಯುವ ಯಂತ್ರ ಇದ್ದರೂ ಎಲ್ಲ ಮನೆಗಳಿಗೆ ಒಂದೇ ಒಂದು ಸುತ್ತು ಹಾಕಲು ಮೂರು ಸಾವಿರ ವರ್ಷ ದಾಟುತ್ತದೆ. ಕಾರು ಇನ್ನೂ ಗೇರ್ ಹಾಕಿರುವುದಿಲ್ಲ.

ಆದ್ದರಿಂದ ಸರಾಸರಿ. ರಂಧ್ರಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು ಲೇಪವನ್ನು ಒಂದೇ ಸಮನೆಯ ವಸ್ತು ಅಂತ ತಿಳಿದು, ಅದಕ್ಕೆ ಎರಡು ಮೂರು ಗುಣ ಅಂಟಿಸುತ್ತಾರೆ: ಎಷ್ಟು ಪಾಲು ಖಾಲಿ, ದಾರಿ ಎಷ್ಟು ಅಂಕುಡೊಂಕು, ಅನಿಲ ಅದರಲ್ಲಿ ಎಷ್ಟು ಬೇಗ ಅಲೆಯುತ್ತದೆ. ಈ ಜಾಣತನ ಹಳೆಯದು. ಫ್ರಾನ್ಸಿನ ಡಿಜೋನ್ ನಗರದ ನೀರಿನ ವ್ಯವಸ್ಥೆ ನೋಡಿಕೊಂಡಿದ್ದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಇಳಿಯುವುದನ್ನು ಅಳೆದು 1856ರಲ್ಲಿ ಒಂದು ನಿಯಮ ಕೊಟ್ಟರು: ಒತ್ತಡ ಎಷ್ಟು ಹೆಚ್ಚೋ ಹರಿವು ಅಷ್ಟು ಹೆಚ್ಚು, ನಡುವೆ ಮರಳಿನ ಗುಣ ಹೇಳುವ ಒಂದೇ ಒಂದು ಸಂಖ್ಯೆ. ಮರಳಿನ ಒಂದೊಂದು ಕಣದ ಚಿತ್ರ ಬೇಕಿಲ್ಲ. ಬಿಎಸ್-6 ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರಿನಲ್ಲಿ ಕೊಳವೆಗಳ ಬಾಯಿಯನ್ನು ಒಂದು ಬಿಟ್ಟು ಒಂದು ಮುಚ್ಚಿ ಹೊಗೆಯನ್ನು ಗೋಡೆಯ ಮೂಲಕವೇ ತೂರಿಸುತ್ತಾರೆ. ಅಲ್ಲಿ ಡಾರ್ಸಿಯ ನಿಯಮವೇ ನೇರ ಕೆಲಸಕ್ಕೆ ಬರುತ್ತದೆ.

ಪೆಟ್ರೋಲ್ ಕನ್ವರ್ಟರಿನ ಲೇಪದಲ್ಲಿ ಅನಿಲ ಹರಿಯುವುದಿಲ್ಲ, ಅಲೆಯುತ್ತದೆ. ಅದೂ ವಿಚಿತ್ರವಾಗಿ. ಬಿಸಿ ಹೊಗೆಯಲ್ಲಿ ಒಂದು ಅಣು ಇನ್ನೊಂದಕ್ಕೆ ಢಿಕ್ಕಿ ಹೊಡೆಯುವ ಮುಂಚೆ ಕ್ರಮಿಸುವ ದೂರ ನೂರಕ್ಕೂ ಹೆಚ್ಚು ನ್ಯಾನೋಮೀಟರ್. ರಂಧ್ರ ಇರುವುದು ಹತ್ತು. ಹಾಗಾಗಿ ಅಣು ಇನ್ನೊಂದು ಅಣುವನ್ನು ಭೇಟಿಯಾಗುವುದೇ ಅಪರೂಪ, ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತಾ ಸಾಗುತ್ತದೆ. ಇದಕ್ಕೆ ಡೆನ್ಮಾರ್ಕಿನ ನುಡ್ಸೆನ್ ಹೆಸರಿದೆ. ಸಿಮ್ಯುಲೇಶನ್‌ನಲ್ಲಿ ಇದನ್ನು ಮರೆತು ಮಾಮೂಲಿ ವಿಸರಣೆಯ ಸಂಖ್ಯೆ ಹಾಕಿದರೆ ಅಣು ನಿಜಕ್ಕಿಂತ ಎಷ್ಟೋ ಪಟ್ಟು ಸಲೀಸಾಗಿ ಒಳಗೆ ಹೋಗುತ್ತದೆ ಎಂಬ ತಪ್ಪು ಉತ್ತರ ಬರುತ್ತದೆ.

ಸರಾಸರಿ ಮಾಡಿದ ಮೇಲೂ ತಲುಪುವುದು ಮತ್ತು ಕೂಡುವುದರ ನಡುವಿನ ಪೈಪೋಟಿಗೆ ಒಂದು ಅಳತೆ ಬೇಕು. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಡ್ಯಾಮ್‌ಕೋಲರ್, ಅಮೆರಿಕದಲ್ಲಿ ಥೀಲೆ, ರಷ್ಯಾದಲ್ಲಿ ಝೆಲ್ದೋವಿಚ್, ಮೂವರೂ ಬೇರೆ ಬೇರೆಯಾಗಿ ಇದರ ಹತ್ತಿರ ಬಂದರು. ಹೆಸರು ನಿಂತದ್ದು ಥೀಲೆಯದು. ಕ್ರಿಯೆಯ ವೇಗವನ್ನು ವಿಸರಣೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಲೇಪದ ದಪ್ಪದಿಂದ ಗುಣಿಸಿ. ಬಂದ ಸಂಖ್ಯೆ ಒಂದಕ್ಕಿಂತ ಬಹಳ ಚಿಕ್ಕದಾದರೆ ಲೇಪದ ತಳದವರೆಗೂ ಎಲ್ಲ ಪ್ಲಾಟಿನಂ ದುಡಿಯುತ್ತಿದೆ. ಹತ್ತು ಬಂದರೆ ಲೇಪದ ಹತ್ತನೇ ಒಂದು ಪಾಲಿನಷ್ಟು ಮಾತ್ರ ದುಡಿಯುತ್ತಿದೆ, ಉಳಿದದ್ದು ಹೊರಗಿನ ಅನಿಲವನ್ನೇ ಕಾಣದೆ ಆಳದಲ್ಲಿ ಹೂತುಹೋಗಿದೆ. ಚಿನ್ನದಂಥ ಬೆಲೆಯ ಲೋಹ! ಒಂದೇ ಲೇಪ ತಣ್ಣಗಿರುವಾಗ ಮೊದಲನೆಯ ತರಹ, ಬಿಸಿಯಾದಾಗ ಎರಡನೆಯ ತರಹ. ನಾನು ಓದಿದ ಲೆಕ್ಕಗಳಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ಹೇಳುವುದು ಇನ್ನೊಂದಿಲ್ಲ.

ಕೊಳವೆಯ ಹರಿವಿನ ಲೆಕ್ಕ ಮಾತ್ರ ಪುಣ್ಯಕ್ಕೆ ಸುಲಭ. ಒಂದು ಮಿಲಿಮೀಟರಿನ ಕೊಳವೆಯಲ್ಲಿ ಹೊಗೆ ಸುಳಿ ಏಳದೆ ಪದರ ಪದರವಾಗಿ ಸಾಗುತ್ತದೆ. ನಡುವಿನಿಂದ ಗೋಡೆ ತಲುಪಲು ಅಣುವಿಗೆ ಎರಡು ಮೂರು ಮಿಲಿಸೆಕೆಂಡ್ ಸಾಕು.

ಸುಲಭವಲ್ಲದ್ದು ಸಮಯ. ಪ್ಲಾಟಿನಂ ಮೇಲಿನ ಕ್ರಿಯೆಗಳು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಅದಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿಯಬಹುದು. ಪಿಂಗಾಣಿ ಗಟ್ಟಿ ಬಿಸಿಯಾಗುವುದು ಹತ್ತಾರು ಸೆಕೆಂಡುಗಳಲ್ಲಿ. ಚಿಕ್ಕದಕ್ಕೆ ತಕ್ಕಂತೆ ಹೆಜ್ಜೆ ಇಟ್ಟರೆ ನೂರು ಸೆಕೆಂಡಿನ ಕಥೆಗೆ ಹತ್ತು ಕೋಟಿ ಹೆಜ್ಜೆ. ದೊಡ್ಡ ಹೆಜ್ಜೆ ಇಟ್ಟರೆ ಲೆಕ್ಕ ಹುಚ್ಚಾಗುತ್ತದೆ. ಹೇಗೆ ಅಂತೀರಾ? ಸಂಬಳ ಬಂದ ದಿನ ಬಾಡಿಗೆ, ರೇಷನ್, ಸ್ಕೂಲ್ ಫೀ ಎಲ್ಲ ಕಟ್ಟಿ ಮೂವತ್ತು ಸಾವಿರ ಖರ್ಚು ಮಾಡಿದಿರಿ. ಅದನ್ನೇ ದಿನದ ಖರ್ಚು ಅಂತ ಹಿಡಿದು ಮೂವತ್ತರಿಂದ ಗುಣಿಸಿದರೆ ತಿಂಗಳ ಕೊನೆಗೆ ಲಕ್ಷಗಟ್ಟಲೆ ಸಾಲ ತೋರಿಸುತ್ತದೆ. ಕಂಪ್ಯೂಟರಿನಲ್ಲೂ ಹೀಗೇ ಕಾರ್ಬನ್ ಮೊನಾಕ್ಸೈಡ್ ಸೊನ್ನೆಗಿಂತ ಕೆಳಗೆ ಇಳಿದುಬಿಡುತ್ತದೆ. ಉಪಾಯ ಏನಂದ್ರೆ, ಹೆಜ್ಜೆಯ ಆರಂಭದ ವೇಗ ಬಿಟ್ಟು ಕೊನೆಯ ವೇಗ ಹಿಡಿಯುವುದು. ಕೊನೆಯ ಬಾಕಿಗೆ ಹೊಂದುವ ಖರ್ಚು ಯಾವುದು ಅಂತ ಹಿಂದಿನಿಂದ ಬಿಡಿಸುವುದು. ಪ್ರತಿ ಹೆಜ್ಜೆಗೆ ಕೆಲಸ ಹೆಚ್ಚು, ಆದರೆ ಹೆಜ್ಜೆ ದೊಡ್ಡದಿಡಬಹುದು. ಇಂಥ ಬಿಗಿಯಾದ ಸಮೀಕರಣಗಳಿಗೆ 1970ರ ಹೊತ್ತಿಗೆ ವಿಲಿಯಂ ಗಿಯರ್ ಬೆಳೆಸಿದ ವಿಧಾನಗಳು ಇವತ್ತಿಗೂ ಚಾಲ್ತಿಯಲ್ಲಿವೆ.

ಈಗ ನಂಬಿಕೆಯ ಮಾತು. ಸಿಮ್ಯುಲೇಶನ್ನಿನ ಚಿತ್ರಗಳು ಬಲು ಚಂದ. ನೀಲಿ ಕೊಳವೆ ಹಳದಿಯಾಗಿ, ಕೆಂಪಾಗಿ, ಬೆಂಕಿಯ ಅಲೆ ಸರಿದು ಹೋಗುವುದು ಸಿನಿಮಾದಂತೆ ಕಾಣುತ್ತದೆ. ಕಂಪ್ಯೂಟರ್ ತೋರಿಸಿತು ಅಂದ್ರೆ ಆಗಿದ್ದೇ ಹಾಗೆ ಅಂತ ನನ್ನ ಹತ್ತನೇ ಕ್ಲಾಸಿನ ಹುಡುಗರು ಮಾತ್ರ ಅಲ್ಲ, ದೊಡ್ಡವರೂ ನಂಬುತ್ತಾರೆ. ಬಣ್ಣದ ಹಿಂದೆ ಇರುವುದು ಕೆಲವು ಸಂಖ್ಯೆಗಳು: ದಿಣ್ಣೆಯ ಎತ್ತರ, ಅದರ ಮುಂದಿನ ಗುಣಕ, ಸೀಟು ಬಿಡುವ ವೇಗ. ಇವುಗಳಲ್ಲಿ ಹಲವನ್ನು ನೇರವಾಗಿ ಅಳೆದಿರುವುದಿಲ್ಲ. ಪ್ರಯೋಗದ ಒಂದು ವಕ್ರರೇಖೆಗೆ ಹೊಂದುವವರೆಗೆ ತಿರುವಿ ತಿರುವಿ ಕೂರಿಸಿರುತ್ತಾರೆ. ದಿಣ್ಣೆ ಎತ್ತರ ಮಾಡಿ ಗುಣಕವನ್ನೂ ದೊಡ್ಡದು ಮಾಡಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಅದೇ ರೇಖೆಗೆ ಎರಡು ಬೇರೆ ಬೇರೆ ಜೋಡಿ ಸಂಖ್ಯೆಗಳು ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಹೊಂದುತ್ತವೆ. ಹರಿವಿನ ವೇಗ ಎರಡು ಪಟ್ಟು ಮಾಡಿ, ಅಥವಾ ಎಂಜಿನ್ ಇನ್ನಷ್ಟು ತಣ್ಣಗಿರುವಾಗ ಶುರು ಮಾಡಿ ನೋಡಿದಾಗಲೇ ಎರಡರಲ್ಲಿ ಯಾವುದು ಸುಳ್ಳು ಅಂತ ಗೊತ್ತಾಗುವುದು. ಆದ್ದರಿಂದ ಯಾರಾದರೂ ಇಂಥ ಲೆಕ್ಕ ತೋರಿಸಿದರೆ ನಾನು ಕೇಳಬೇಕೆನ್ನುವ ಪ್ರಶ್ನೆ ಒಂದೇ: ಸಂಖ್ಯೆ ಕೂರಿಸಲು ಬಳಸದ ಯಾವ ಪ್ರಯೋಗವನ್ನು ಇದು ಮುಂಚೆಯೇ ಸರಿಯಾಗಿ ಹೇಳಿದೆ?

ಈ ಪರೀಕ್ಷೆಯಲ್ಲಿ ಗೆದ್ದ ಲೆಕ್ಕಗಳು ರಸ್ತೆಗೆ ಬಂದಿವೆ. ಹೊಸ ಕಾರುಗಳಲ್ಲಿ ಡಬ್ಬಿ ನೆಲದ ಕೆಳಗಿನಿಂದ ಎದ್ದು ಎಂಜಿನ್ನಿನ ಪಕ್ಕಕ್ಕೇ ಬಂದಿದೆ. ಗೋಡೆಗಳು ತೆಳುವಾಗಿವೆ, ಬಿಸಿ ಮಾಡಬೇಕಾದ ತೂಕ ಇಳಿದಿದೆ. ಲೋಹವನ್ನು ಒಂದೇ ಸಮ ಹರಡದೆ ಮೊದಲು ಬಿಸಿಯಾಗುವ ಮುಂಭಾಗಕ್ಕೆ ಹೆಚ್ಚು ಹಾಕುವುದು ರೂಢಿಯಾಗಿದೆ. ಸಿಎನ್‌ಜಿ ವಾಹನಗಳ ಕಥೆ ಬೇರೆ. ಅವುಗಳ ಹೊಗೆಯಲ್ಲಿ ಉಳಿಯುವ ಮೀಥೇನ್ ಬಲು ಹಟಮಾರಿ, ಪಲ್ಲಾಡಿಯಂ ಹೆಚ್ಚು ಹಾಕಿದರೂ 400 ಡಿಗ್ರಿಯ ಆಸುಪಾಸು ಕೇಳುತ್ತದೆ.

ಲೆಕ್ಕದಲ್ಲಿ ಸುಲಭಕ್ಕೆ ಸಿಗದ್ದು ನಮ್ಮ ಗ್ಯಾರೇಜು. ಎಂಜಿನ್ ಆಯಿಲ್ ಸುಡುವ ಹಳೆಯ ಗಾಡಿಯಲ್ಲಿ ಆಯಿಲಿನ ರಂಜಕ, ಸತು ಬಂದು ಲೇಪದ ರಂಧ್ರಗಳ ಬಾಯಿ ಮುಚ್ಚುತ್ತವೆ. ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಇದೇ ರೀತಿ ಕನ್ವರ್ಟರನ್ನು ಕೊಲ್ಲುತ್ತಿತ್ತು. ಕನ್ವರ್ಟರ್ ಬಂದ ನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಜೊತೆಗೇ ಬರಬೇಕಾದದ್ದು ಅದಕ್ಕೆ. ರಂಧ್ರ ಮುಚ್ಚಿದ ಡಬ್ಬಿ ಹೊತ್ತಿಕೊಳ್ಳಲು ಇನ್ನೂ ಐವತ್ತು, ನೂರು ಡಿಗ್ರಿ ಹೆಚ್ಚು ಬಿಸಿ ಕೇಳಬಹುದು. ನಿಮ್ಮ ಎಕ್ಸೆಲ್ ಪಟ್ಟಿಯಲ್ಲಿ 50 ಡಿಗ್ರಿ ಏನು ಮಾಡಿತು ಅಂತ ಈಗಾಗಲೇ ನೋಡಿದಿರಲ್ಲ. ಕೆಲವು ಗ್ಯಾರೇಜುಗಳಲ್ಲಿ 'ಪಿಕಪ್ ಬರುತ್ತೆ ಸಾರ್' ಅಂತ ಹೇಳಿ ಒಳಗಿನ ಗಟ್ಟಿಯನ್ನು ಒಡೆದು ತೆಗೆದು ಖಾಲಿ ಡಬ್ಬಿ ಕೂರಿಸುವುದೂ ಇದೆ. ಒಪ್ಪಬೇಡಿ. ಅವರು ತೆಗೆದುಕೊಂಡದ್ದು ಪ್ಲಾಟಿನಂ, ನಿಮಗೆ ಬಿಟ್ಟದ್ದು ಕಾರ್ಬನ್ ಮೊನಾಕ್ಸೈಡ್.

ನಾವು ವರ್ಷವರ್ಷ ಮಾಡಿಸುವ ಪಿಯುಸಿ ತಪಾಸಣೆಯಲ್ಲಿ ಆ ಮೊದಲ ನಿಮಿಷ ಕಾಣುವುದಿಲ್ಲ. ಅಲ್ಲಿ ಬಿಸಿಯಾದ ಎಂಜಿನ್ನನ್ನು ನಿಂತಲ್ಲೇ ಓಡಿಸಿ ಅಳೆಯುತ್ತಾರೆ. ಮಾದರಿ ಒಪ್ಪಿಗೆಯ ಪರೀಕ್ಷೆ, ಅಂದ್ರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಗಳಲ್ಲಿ ನಡೆಯುವಂಥದ್ದು, ತಣ್ಣಗಿನ ಎಂಜಿನ್ನಿನಿಂದಲೇ ಶುರುವಾಗುತ್ತದೆ. 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತದಲ್ಲಿ ಕಾರುಗಳಿಗೆ ನಿಜವಾದ ರಸ್ತೆಯಲ್ಲಿ ಅಳೆಯುವ ನಿಯಮವೂ ಬಂದಿದೆ. ಆದರೆ ಅದೆಲ್ಲ ಹೊಸ ಮಾದರಿಯ ಕಾರಿಗೆ, ನಿಮ್ಮ ಮನೆಯ ಮುಂದೆ ಎಂಟು ವರ್ಷದಿಂದ ನಿಂತಿರುವ ಕಾರಿಗಲ್ಲ.

ಮನೆಯಲ್ಲಿ ಹೈಸ್ಕೂಲ್, ಪಿಯುಸಿ ಓದುವ ಮಕ್ಕಳಿದ್ದರೆ ಹತ್ತು ಮನೆಯ ಆ ಪಟ್ಟಿಯನ್ನು ಅವರಿಗೆ ಕೊಡಿ. ಪೈಥಾನ್ ಗೊತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕ್ಯಾಂಟೆರಾ ಎಂಬ ಉಚಿತ ತಂತ್ರಾಂಶ ಇದೆ. ಪ್ಲಾಟಿನಂ ಮೇಲೆ ಮೀಥೇನ್ ಉರಿಯುವ ಉದಾಹರಣೆ ಅದರ ಜೊತೆಗೇ ಸಿಗುತ್ತದೆ. ಹರಿವೂ ಬೇಕೆಂದರೆ ಓಪನ್‌ಫೋಮ್ ಇದೆ, ಅದೂ ಉಚಿತ, ಕಲಿಯಲು ತಾಳ್ಮೆ ಬೇಕು ಅಷ್ಟೇ. ಎಕ್ಸೆಲ್ ಹಿಡಿದವರು ಇನ್ನೊಂದು ಕಾಲಂ ಸೇರಿಸಿ, ಪ್ರತಿ ಮನೆಯ ಬಿಸಿ ಬರೆಯಿರಿ. ಸುಟ್ಟ ಕಾರ್ಬನ್ ಮೊನಾಕ್ಸೈಡಿಗೆ ತಕ್ಕಷ್ಟು ಬಿಸಿಯನ್ನು ಮುಂದಿನ ಮನೆಗೆ ದಾಟಿಸಿ, ಅದಕ್ಕೆ ತಕ್ಕಂತೆ ಆ ಮನೆಯ ವೇಗ ಬದಲಿಸಿ. ಒಳಬರುವ ಹೊಗೆಯನ್ನು ಐದೈದು ಡಿಗ್ರಿ ಬಿಸಿ ಮಾಡುತ್ತಾ ಹೋಗಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಐದು ಡಿಗ್ರಿಗೆ ಕೊನೆಯ ಮನೆಯ ಸಂಖ್ಯೆ ಥಟ್ಟನೆ ಕುಸಿಯುತ್ತದೆ. ಮೊದಲು ಹೊತ್ತಿಕೊಂಡದ್ದು ಎಷ್ಟನೇ ಮನೆ ಅಂತ ನೋಡಲು ಹೇಳಿ.